ಇಬ್ಬರ ಟೀಮ್ ಫೀಲ್ಡ್ ಮ್ಯಾಚ್‌ಗೆ ಒಬ್ಬನ ಕೈಯಲ್ಲಿ 6.5 ಕ್ರೀಡ್‌ಮೋರ್, ಇನ್ನೊಬ್ಬನ ಕೈಯಲ್ಲಿ .308. ನಡೆಯುತ್ತದಾ?

ಕೊಲೊರಾಡೋ ಕನ್ನಡಿಗ
ಎಲ್ಲರಿಗೂ ನಮಸ್ಕಾರ. ಈ ಗುಂಪಿನಲ್ಲಿ ಕೋವಿ ಹಿಡಿಯುವವರು ಎಷ್ಟು ಜನ ಇದ್ದೀರೋ ಗೊತ್ತಿಲ್ಲ. ಇದ್ದವರು ದಯವಿಟ್ಟು ಉತ್ತರ ಕೊಡಿ.

ನಾನೂ ನನ್ನ ಗೆಳೆಯನೂ ಮುಂದಿನ ಬೇಸಿಗೆಯಲ್ಲಿ ವಯೋಮಿಂಗ್ ಕಡೆ ಇಬ್ಬರ ಟೀಮ್ ಮ್ಯಾಚ್ ಒಂದಕ್ಕೆ ಹೋಗುವ ಯೋಚನೆಯಲ್ಲಿದ್ದೇವೆ. ಎನ್‌ಆರ್‌ಎಲ್ ಹಂಟರ್ ಅನ್ನುವ ಬೇಟೆ ಶೈಲಿಯ ರೈಫಲ್ ಸರಣಿಯ ನಿಯಮ. ರೇಂಜಿನಲ್ಲಿ ಚಾಪೆ ಹಾಸಿ ಹೊಡೆಯುವ ಸ್ಪರ್ಧೆ ಅಲ್ಲ ಇದು. ಗುಡ್ಡ ಹತ್ತಿ ಹೋಗಬೇಕು. ಉಕ್ಕಿನ ಗುರಿಗಳು ಎಲ್ಲಿವೆ ಅಂತ ನಾವೇ ಹುಡುಕಬೇಕು, ದೂರ ನಾವೇ ಅಳೆಯಬೇಕು, ಆಮೇಲೆ ಹೊಡೆಯಬೇಕು. ಇಷ್ಟಕ್ಕೂ ಗಡಿಯಾರ ಓಡುತ್ತಲೇ ಇರುತ್ತದೆ.

ನನ್ನದು 6.5 ಕ್ರೀಡ್‌ಮೋರ್, 22 ಇಂಚಿನ ನಳಿಕೆ, ಅಂಗಡಿಯಲ್ಲಿ ಸಿಗುವ, 140 ಗ್ರೇನ್ ತೂಕದ ಗುಂಡಿನ ತೋಟಾ. ಅವನದು .308, 24 ಇಂಚು, 175 ಗ್ರೇನ್. ಇಬ್ಬರೂ ಒಂದೇ ಕಾರ್ಟ್ರಿಜ್ (ತೋಟಾದ ಮಾದರಿ) ಇಟ್ಟುಕೊಂಡರೆ ಒಳ್ಳೆಯದು, ಅವನು ತನ್ನದನ್ನು ಮಾರಿ 6.5 ತಗೊಳ್ಳಲಿ ಅಂತ ನನ್ನ ವಾದ. ಸುಮ್ನೆ ದುಡ್ಡು ದಂಡ ಅಂತ ಅವನ ವಾದ. ಅವನು ಹಾಸನದವನು, ಹಟ ಜಾಸ್ತಿ. ಅನುಭವ ಇರುವವರು ಹೇಳಿ, ಯಾರದು ಸರಿ?

ಸುಮ್ನೆ ನೋಡೋನು
ಬಂತು ನೋಡಿ ಕ್ಯಾಲಿಬರ್ ಜಗಳ. ಟೀ ಇಟ್ಟುಕೊಂಡು ಬರುತ್ತೇನೆ.

ಗಾಳಿಲೆಕ್ಕ
ಗೆಳೆಯನ .308 ಪಕ್ಕಕ್ಕಿರಲಿ, ಮೊದಲು ನಿಮ್ಮ 6.5 ನೋಡೋಣ. ಎನ್‌ಆರ್‌ಎಲ್ ಹಂಟರ್‌ನಲ್ಲಿ ಪವರ್ ಫ್ಯಾಕ್ಟರ್ ಅಂತ ಒಂದಿದೆ. ಗುಂಡಿನ ತೂಕ ಗ್ರೇನ್‌ನಲ್ಲಿ, ವೇಗ ಸೆಕೆಂಡಿಗೆ ಎಷ್ಟು ಅಡಿ ಅಂತ. ಎರಡನ್ನೂ ಗುಣಿಸಿದರೆ ಕನಿಷ್ಠ 3,80,000 ಬರಬೇಕು. ಬೇಟೆಗೆ ಯೋಗ್ಯವಾದ ಕಾರ್ಟ್ರಿಜ್ ಇರಲಿ, ಪುಟ್ಟ 6 ಎಂಎಂ ತಂದು ಎಲ್ಲವನ್ನೂ ಗೆಲ್ಲುವುದು ಬೇಡ ಅನ್ನುವುದು ಅದರ ಉದ್ದೇಶ.

ಹಾರ್ನಡಿ ಕಂಪನಿಯ 140 ಗ್ರೇನ್ ಇಎಲ್‌ಡಿ ಮ್ಯಾಚ್ ಡಬ್ಬದ ಮೇಲೆ 2710 ಅಂತ ಇದೆ. 140 × 2710 = 3,79,400. ಡಬ್ಬದ ವೇಗವೇ ಕೂದಲೆಳೆಯಲ್ಲಿ ಬೀಳುತ್ತದೆ! ಅದೂ 24 ಇಂಚಿನ ನಳಿಕೆಯ ವೇಗ. ನಿಮ್ಮದು 22. ಇಂಚಿಗೆ 20ರಿಂದ 25 ಅಡಿ ಕಳೆಯಿರಿ. 2660 ಬಂದರೆ ಲೆಕ್ಕ 3,72,400. ಗೆಳೆಯನಿಗೆ ಬುದ್ಧಿ ಹೇಳುವ ಮೊದಲು ಯಾರದಾದರೂ ಕ್ರೋನೋಗ್ರಾಫ್ ಇಸಕೊಂಡು ನಿಮ್ಮ ಕೋವಿಯ ವೇಗ ಅಳೆಯಿರಿ.

ತ್ರೀ ನಾಟ್ ಎಯ್ಟ್ ಭಕ್ತ
ಹಹಹ. 175 × 2600 = 4,55,000. ಹಾಸನದವರಿಗೆ ನನ್ನ ನಮಸ್ಕಾರ ತಿಳಿಸಿ.

ಟೆಕ್ಸಾಸ್ ಪೂರ್ಣಿಮಾ
ಗಾಳಿಲೆಕ್ಕ ಹೇಳಿದ್ದು ಸರಿ. ಹೊಸಬರು ಇಲ್ಲೇ ಎಡವುತ್ತಾರೆ. ಪರಿಹಾರ ಸುಲಭ, 147 ಗ್ರೇನ್‌ಗೆ ಹೋಗಿ. ಡಬ್ಬದ ವೇಗ 2695. ನಿಮ್ಮ 22 ಇಂಚಿನಲ್ಲಿ 2640 ಬಂತು ಅಂದುಕೊಳ್ಳಿ, ಆಗಲೂ 3,88,000 ದಾಟುತ್ತದೆ. 143 ಗ್ರೇನ್ ಇಎಲ್‌ಡಿ ಎಕ್ಸ್ ನಂಬಬೇಡಿ. ಅದು 2700ರಲ್ಲಿ 3,86,100, ಪಾಸ್. 2650ಕ್ಕೆ ಇಳಿದರೆ 3,78,950, ಫೇಲ್.

ಹೊಸ ತೋಟಾ ಅಂದರೆ ಜೀರೋ ಮತ್ತೆ ಮಾಡಬೇಕು (ಸ್ಕೋಪನ್ನು ಗುಂಡು ಬೀಳುವ ಜಾಗಕ್ಕೆ ಹೊಂದಿಸಬೇಕು), ಯಾವ ದೂರಕ್ಕೆ ಗುಂಡು ಎಷ್ಟು ಇಳಿಯುತ್ತದೆ ಅನ್ನುವ ಡ್ರಾಪ್ ಚಾರ್ಟ್ ಹೊಸದು ಬರೆಯಬೇಕು. ಬೇಸಿಗೆವರೆಗೆ ಕಾಯದೆ ಈಗಲೇ ಶುರು ಮಾಡಿ. ತೂಕವನ್ನೂ ನೋಡಿಕೊಳ್ಳಿ. ಫ್ಯಾಕ್ಟರಿ ಮತ್ತು ಓಪನ್ ಲೈಟ್ ವಿಭಾಗಕ್ಕೆ ರೈಫಲ್ 12 ಪೌಂಡ್ ಒಳಗಿರಬೇಕು, ಓಪನ್ ಹೆವಿಗೆ 16. ಸ್ಕೋಪ್, ಬೈಪಾಡ್ (ಎರಡು ಕಾಲಿನ ಆಸರೆ) ಸೇರಿಸಿ ಬಚ್ಚಲಮನೆಯ ತಕ್ಕಡಿ ಮೇಲೆ ಇಟ್ಟರೆ ಎದೆ ಧಸಕ್ ಅನ್ನುತ್ತದೆ.

ಕೊಲೊರಾಡೋ ಕನ್ನಡಿಗ
ಪೂರ್ಣಿಮಾ ಅಕ್ಕ, ಗಾಳಿಲೆಕ್ಕ ಅವರೇ, ತುಂಬಾ ಥ್ಯಾಂಕ್ಸ್. ಇದು ಗೊತ್ತೇ ಇರಲಿಲ್ಲ. ಗೆಳೆಯನಿಗೆ ಈಗಲೇ ಹೇಳುವುದಿಲ್ಲ, ನಗುತ್ತಾನೆ. ಸರಿ, 147 ತಗೊಂಡೆ ಅಂತಿಟ್ಟುಕೊಳ್ಳಿ. ಆಗಲಾದರೂ ಅವನು 6.5ಕ್ಕೆ ಬರಬೇಕು ಅಲ್ವಾ? ಗಾಳಿಯಲ್ಲಿ .308 ತುಂಬಾ ಅಲೆಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ.

ಪಿಆರ್‌ಎಸ್ ಪ್ರಕಾಶ
ಇಬ್ಬರೂ 6 ಎಂಎಂ ಡ್ಯಾಶರ್ ತಗೊಳ್ಳಿ, ಕಥೆ ಮುಗೀತು. ಒದೆತವೇ ಇಲ್ಲ. ಪಿಆರ್‌ಎಸ್ ಅನ್ನುವ ಇನ್ನೊಂದು ರೈಫಲ್ ಸರಣಿಯಲ್ಲಿ ಮುಂದಿರುವವರ ಕೈಯಲ್ಲಿ ಏನಿದೆ ನೋಡಿ.

ಗಾಳಿಲೆಕ್ಕ
ಪ್ರಕಾಶ ಅವರೇ, ಮೇಲೆ ಬರೆದದ್ದು ಓದಿದಿರಾ? 6 ಎಂಎಂ ಕ್ರೀಡ್‌ಮೋರ್‌ನ 108 ಗ್ರೇನ್ ಗುಂಡು 2960ರಲ್ಲಿ ಹೋದರೂ 3,19,680. ಡ್ಯಾಶರ್ ಅದಕ್ಕಿಂತ ನಿಧಾನ. ಪಿಆರ್‌ಎಸ್‌ನಲ್ಲಿ ಮೇಲಿನ ಮಿತಿ ಮಾತ್ರ ಇದೆ, ವೇಗ 3200 ದಾಟಬಾರದು, ಗುಂಡು .30 ಕ್ಯಾಲಿಬರ್ ದಾಟಬಾರದು ಅಂತ. ಕೆಳಗಿನ ಮಿತಿ ಇಲ್ಲ. ಅದಕ್ಕೇ ಅಲ್ಲಿ ಎಲ್ಲರೂ 6 ಎಂಎಂಗೆ ಇಳಿದರು. ಇಲ್ಲಿ ಆ ಆಟ ನಡೆಯುವುದಿಲ್ಲ.

ಪಿಆರ್‌ಎಸ್ ಪ್ರಕಾಶ
ಓಹ್ ಹಂಟರ್ ನಿಯಮವಾ. ಹಾಗಾದರೆ ವಾಪಸ್ ತಗೊಂಡೆ.

ಗಾಳಿಲೆಕ್ಕ
ಈಗ ಗಾಳಿಯ ವಿಷಯ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

600 ಗಜ, ಪಕ್ಕದಿಂದ ಗಂಟೆಗೆ 10 ಮೈಲಿ ಗಾಳಿ, ಸಮುದ್ರ ಮಟ್ಟ. 6.5ರ 140 ಗ್ರೇನ್ ಗುಂಡು ಸುಮಾರು 25 ಇಂಚು ಸರಿಯುತ್ತದೆ. .308ರ 175 ಗ್ರೇನ್ ಸುಮಾರು 34 ಇಂಚು. .223ರಲ್ಲಿ 77 ಗ್ರೇನ್ ಹಾಕಿದರೆ ಹೆಚ್ಚುಕಡಿಮೆ 45. ಕೇಳಿದರೆ ವ್ಯತ್ಯಾಸ ಭಾರಿ ಅನಿಸುತ್ತದೆ.

ಆದರೆ ಯಾರೂ ಗಾಳಿಗೆ ಲೆಕ್ಕ ಹಾಕದೆ ಸುಮ್ನೆ ಹೊಡೆಯುವುದಿಲ್ಲ. ಗಾಳಿ 10 ಅಂತ ಗೊತ್ತಿದ್ದರೆ 25 ಇಂಚು ಆದರೇನು, 34 ಆದರೇನು, ಅಷ್ಟು ಪಕ್ಕಕ್ಕೆ ಹಿಡಿದರೆ ಆಯಿತು. ತೊಂದರೆ ಬರುವುದು ನಮ್ಮ ಅಂದಾಜು ತಪ್ಪಿದಾಗ. 600 ಗಜದಲ್ಲಿ 12 ಇಂಚಿನ ಉಕ್ಕಿನ ತಟ್ಟೆ ಇದೆ ಅಂದುಕೊಳ್ಳಿ. ನಡುವಿನಿಂದ ಅಂಚಿಗೆ 6 ಇಂಚು. 6.5ರ ಗುಂಡು ಒಂದು ಮೈಲಿ ಗಾಳಿಗೆ ಎರಡೂವರೆ ಇಂಚು ಸರಿಯುತ್ತದೆ, ಅಂದರೆ ಅಂದಾಜಿನಲ್ಲಿ 2.4 ಮೈಲಿ ತಪ್ಪಿದರೂ ತಟ್ಟೆ ಸಿಗುತ್ತದೆ. .308 ಒಂದು ಮೈಲಿಗೆ 3.4 ಇಂಚು ಸರಿಯುತ್ತದೆ, ಅಲ್ಲಿ ಸುಮಾರು 1.8 ಮೈಲಿ ತಪ್ಪಬಹುದು. ನೀವು ಇನ್ನೊಂದು ರೈಫಲ್‌ಗೆ ದುಡ್ಡು ಕೊಟ್ಟು ಕೊಳ್ಳುವುದು ಆ ಅರ್ಧ ಮೈಲಿ ಚಿಲ್ಲರೆಯ ಸಡಿಲ. ಅಷ್ಟೇ.

ತ್ರೀ ನಾಟ್ ಎಯ್ಟ್ ಭಕ್ತ
ಇದನ್ನೇ ನಾನು ವರ್ಷಗಟ್ಟಲೆಯಿಂದ ಬಡಿದುಕೊಳ್ಳುತ್ತಿರುವುದು. ಅರ್ಧ ಮೈಲಿಗಾಗಿ ಇಷ್ಟು ಗಲಾಟೆ. ಕಣಿವೆಯಲ್ಲಿ ಗಾಳಿ 6ರಿಂದ 12ರವರೆಗೆ ಕುಣಿಯುತ್ತಿರುವಾಗ ಅರ್ಧ ಮೈಲಿ ಯಾವನಿಗೆ ಕಾಣುತ್ತದೆ ಸ್ವಾಮಿ? .308 ಬಂದಿದ್ದು 1952ರಲ್ಲಿ. ಎಲ್ಲಿ ಹೋದರೂ ತೋಟಾ ಸಿಗುತ್ತದೆ. ನಳಿಕೆ 5000 ಈಡಿಗೂ ಜಗ್ಗುವುದಿಲ್ಲ.

ಟೆಕ್ಸಾಸ್ ಪೂರ್ಣಿಮಾ
ಭಕ್ತರೇ, ಕುಣಿಯುವ ಗಾಳಿಯಲ್ಲೇ ಆ ಅರ್ಧ ಮೈಲಿ ಬೇಕಾಗುವುದು. ಗಾಳಿ ಸ್ಥಿರವಾಗಿದ್ದರೆ ಯಾವ ಕಾರ್ಟ್ರಿಜ್ ಆದರೂ ನಡೆಯುತ್ತದೆ. ಹಂಟರ್‌ನಲ್ಲಿ ಮೊದಲ ಗುಂಡಿಗೇ ತಗುಲಿದರೆ 2 ಅಂಕ, ಎರಡನೆಯದಕ್ಕೆ ತಗುಲಿದರೆ 1. ಎರಡೂ ತಪ್ಪಿದರೆ ಸೊನ್ನೆ, ಮುಂದಕ್ಕೆ ನಡಿ. ತಿದ್ದಿಕೊಳ್ಳಲು ಸಿಗುವುದು ಒಂದೇ ಗುಂಡು. ಎರಡು ದಿನದ ಮ್ಯಾಚ್‌ನಲ್ಲಿ ಅಂಚಿಗೆ ತಗುಲಿದ ಗುಂಡುಗಳನ್ನೆಲ್ಲ ಎಣಿಸಿದರೆ ಅರ್ಧ ಮೈಲಿಯ ಬೆಲೆ ಗೊತ್ತಾಗುತ್ತದೆ.

ಆದರೂ ಆ ಹಾಸನದವರ ಜಾಗದಲ್ಲಿ ನಾನಿದ್ದರೆ ಮೊದಲ ವರ್ಷ ರೈಫಲ್ ಮಾರುತ್ತಿರಲಿಲ್ಲ. ಆ ದುಡ್ಡಿಗೆ ಒಳ್ಳೆಯ ಟ್ರೈಪಾಡ್, ಒಳ್ಳೆಯ ರೇಂಜ್‌ಫೈಂಡರ್ ಬೈನಾಕ್ಯುಲರ್ ತಗೊಳ್ಳುತ್ತಿದ್ದೆ. ಗುರಿ ಸಿಗದೆ ಸಮಯ ಮುಗಿದು ಸೊನ್ನೆ ತಗೊಂಡವರನ್ನು ಎಷ್ಟು ನೋಡಿದ್ದೇನೋ. ಕಂದು ಹುಲ್ಲಿನ ನಡುವೆ ಜಿಂಕೆ ಆಕಾರದ ತಟ್ಟೆ ನಿಂತಿರುತ್ತದೆ. ಕಣ್ಣ ಮುಂದೆಯೇ ಇದ್ದರೂ ಕಾಣುವುದಿಲ್ಲ.

ಮಡಿಕೇರಿ ಮಂಜು
ನಮ್ಮಲ್ಲಿ ತೆಂಗಿನಕಾಯಿ ಇಟ್ಟು ಹೊಡೆಯುತ್ತೇವೆ. ಹುಡುಕುವ ಕೆಲಸ ಇಲ್ಲ 😀

ಸುಮ್ನೆ ನೋಡೋನು
ಕೊಡಗು ಬಂತು. ಇನ್ನು ತಡೆಯುವವರಿಲ್ಲ.

ಪೋರ್ಟ್‌ಲ್ಯಾಂಡ್ ಪಾಪಣ್ಣ
6.5 ಪಿಆರ್‌ಸಿ ತೋಟಾ ಯಾಕೆ ಯಾರೂ ಹೇಳುತ್ತಿಲ್ಲ? 147 ಗ್ರೇನ್, 2910 ವೇಗ. ಪವರ್ ಫ್ಯಾಕ್ಟರ್ ಚಿಂತೆ ಇಲ್ಲ, ಗಾಳಿಗೂ ಕ್ರೀಡ್‌ಮೋರ್‌ಗಿಂತ ಮೇಲು. ಇಬ್ಬರೂ ಅದಕ್ಕೇ ಹೋಗಿ.

ರೀಲೋಡ್ ರಾಯರು
ಪಾಪಣ್ಣ, ಭುಜದ ಕಥೆಯನ್ನೂ ಹೇಳಿ ಮತ್ತೆ. 12 ಪೌಂಡ್ ರೈಫಲ್, ಬ್ರೇಕ್ (ಒದೆತ ತಗ್ಗಿಸಲು ನಳಿಕೆಯ ತುದಿಗೆ ಹಾಕುವ ತುಂಡು) ಇಲ್ಲ ಅಂದುಕೊಂಡು ಲೆಕ್ಕ ಹಾಕಿದೆ. 6.5 ಕ್ರೀಡ್‌ಮೋರ್ ಹೆಚ್ಚುಕಡಿಮೆ 9 ಅಡಿ-ಪೌಂಡ್ ಒದೆಯುತ್ತದೆ. .308 ಹನ್ನೊಂದೂವರೆ. ನಿಮ್ಮ ಪಿಆರ್‌ಸಿ 13ರ ಹತ್ತಿರ. ಮದ್ದು ಜಾಸ್ತಿ ಉರಿದರೆ ಒದೆತವೂ ಜಾಸ್ತಿ.

ಭುಜ ನೋಯುತ್ತದೆ ಅಂತ ಹೇಳುತ್ತಿಲ್ಲ. ಬಂಡೆಯ ಮೇಲೋ ಟ್ರೈಪಾಡ್ ಮೇಲೋ ವಕ್ರವಾಗಿ ಕುಳಿತು ಹೊಡೆದಾಗ ಸ್ಕೋಪ್ ಗುರಿಯಿಂದ ಎಗರಿಬಿಡುತ್ತದೆ. ಅದು ವಾಪಸ್ ಬರುವಷ್ಟರಲ್ಲಿ ಗುಂಡು ಬಿದ್ದಾಗಿರುತ್ತದೆ. ಎಲ್ಲಿ ಬಿತ್ತು ಅಂತ ನೋಡದಿದ್ದರೆ ಎರಡನೆಯ ಗುಂಡು ಬರೀ ಜೂಜು. 6 ಎಂಎಂ ಅಷ್ಟು ಗೆಲ್ಲುವುದು ಇದಕ್ಕೇ. ಅದರ ಹಾರಾಟ ಏನೂ ವಿಶೇಷ ಅಲ್ಲ, ಹೊಡೆದವನಿಗೆ ತನ್ನ ಗುಂಡು ಬಿದ್ದದ್ದು ಕಾಣುತ್ತದೆ.

ಪೋರ್ಟ್‌ಲ್ಯಾಂಡ್ ಪಾಪಣ್ಣ
ರಾಯರೇ, ಟೀಮ್ ಮ್ಯಾಚ್ ಅಲ್ವಾ? ಪಕ್ಕದವನು ನೋಡಿ ಹೇಳುತ್ತಾನೆ. ಅದಕ್ಕೇ ತಾನೆ ಇಬ್ಬರು ಇರುವುದು.

ರೀಲೋಡ್ ರಾಯರು
ಒಪ್ಪಿದೆ, ಆ ಮಟ್ಟಿಗೆ ಟೀಮ್‌ನಲ್ಲಿ ಒದೆತದ ನಷ್ಟ ಕಡಿಮೆ. ಆದರೆ ಒದೆತ ತಗ್ಗಿಸಲು ನೀವು ಬ್ರೇಕ್ ಹಾಕಿರುತ್ತೀರಿ. ಬ್ರೇಕಿನ ಗಾಳಿ ಹೋಗುವುದು ಪಕ್ಕಕ್ಕೆ. ಪಕ್ಕದಲ್ಲಿ ಯಾರಿದ್ದಾನೆ? ಅದೇ ಸ್ಪಾಟರ್. ಧೂಳು ಎದ್ದು ಅವನ ಬೈನಾಕ್ಯುಲರ್ ಮುಂದೆ ಮೋಡ ಕಟ್ಟುತ್ತದೆ. ಕಿವಿಗೆ ಮಫ್ ಇದ್ದರೂ ಎದೆ ಅದುರುತ್ತದೆ. ಅದಕ್ಕೇ ಟೀಮ್ ಮ್ಯಾಚ್‌ಗಳಲ್ಲಿ ಸಪ್ರೆಸರ್ (ಸದ್ದು ತಗ್ಗಿಸುವ ಕೊಳವೆ) ಜಾಸ್ತಿ ಕಾಣುವುದು.

ಟೆಕ್ಸಾಸ್ ಪೂರ್ಣಿಮಾ
+1. ನನ್ನ ಗಂಡನೇ ನನ್ನ ಟೀಮ್‌ಮೇಟ್. ಅವರ ಬ್ರೇಕ್ ಪಕ್ಕ ಎರಡು ದಿನ ಕುಳಿತ ಮೇಲೆ ಸಪ್ರೆಸರ್ ನಾನೇ ಕೊಡಿಸಿದೆ.

ಗಾಳಿಲೆಕ್ಕ
ಸ್ಪಾಟರ್ ಮಾತು ಬಂದಿದ್ದು ಒಳ್ಳೆಯದಾಯಿತು, ಮೂಲ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಇಬ್ಬರ ಹತ್ತಿರ ಒಂದೇ ಕಾರ್ಟ್ರಿಜ್, ಒಂದೇ ವೇಗ ಇದ್ದರೆ ಮೊದಲನೆಯವನು ಹೊಡೆದು ಮುಗಿಸಿ, "0.8 ಎಡಕ್ಕೆ ಹಿಡಿದೆ, ನಡುವಿಗೆ ಬಿತ್ತು" ಅಂದರೆ ಸಾಕು. ಎರಡನೆಯವನು ಯೋಚನೆ ಮಾಡದೆ ಅದೇ ಹಿಡಿಯುತ್ತಾನೆ. ಎತ್ತರದ ಲೆಕ್ಕವೂ ಅದೇ. ಒಂದು ಚಾರ್ಟ್ ಇಬ್ಬರಿಗೂ ಆಗುತ್ತದೆ. ಇದು ನಿಜವಾದ ಲಾಭ, ಅಲ್ಲಗಳೆಯುವುದಿಲ್ಲ.

ಕಾರ್ಟ್ರಿಜ್ ಬೇರೆ ಇದ್ದರೆ ಮಿಲ್ (ಸ್ಕೋಪಿನ ಗೆರೆಗಳ ಕೋನದ ಅಳತೆ, ಮೇಲಿನ 0.8 ಅದರದ್ದೇ) ಲೆಕ್ಕದಲ್ಲಿ ಕೂಗಬಾರದು, ಗಂಟೆಗೆ ಎಷ್ಟು ಮೈಲಿ ಅಂತ ಕೂಗಬೇಕು. ಪ್ರತಿ ರೈಫಲ್‌ಗೂ ಒಂದು ಗಾಳಿ ಅಂಕಿ ಇರುತ್ತದೆ. 6.5 ಕ್ರೀಡ್‌ಮೋರ್ "5 ಮೈಲಿ ಕೋವಿ". ಅಂದರೆ 5 ಮೈಲಿ ಗಾಳಿಗೆ 400 ಗಜದಲ್ಲಿ 0.4 ಮಿಲ್, 600ರಲ್ಲಿ 0.6 ಮಿಲ್. ದೂರದ ಮೊದಲ ಅಂಕಿಯೇ ಉತ್ತರ. .308 "4 ಮೈಲಿ ಕೋವಿ". ಅದರಲ್ಲಿ 4 ಮೈಲಿ ಗಾಳಿಗೆ 600 ಗಜದಲ್ಲಿ 0.6. ಸ್ಪಾಟರ್ "ಎಡದಿಂದ 8" ಅಂತ ಕೂಗಿದರೆ .308 ಇರುವವನು ಎರಡರಿಂದ ಗುಣಿಸಿ 1.2 ಹಿಡಿಯುತ್ತಾನೆ. 6.5 ಇರುವವನು ಒಂದೂವರೆಪಟ್ಟು ಮಾಡಿ 0.9 ಅಥವಾ 1 ಹಿಡಿಯುತ್ತಾನೆ. ಕಾಗದ ಬೇಡ, ಫೋನ್ ಬೇಡ.

ಒಂದು ಎಚ್ಚರಿಕೆ. ಇದು ತಗ್ಗು ಪ್ರದೇಶದ ಅಂಕಿ. ವಯೋಮಿಂಗ್‌ನಲ್ಲಿ ನೀವು 6000 ಅಡಿ ಮೇಲಿದ್ದರೆ ಗಾಳಿ ತೆಳು, ಗುಂಡಿಗೆ ತಡೆ ಕಡಿಮೆ. ಅಲ್ಲಿ 6.5 ಹತ್ತಿರಹತ್ತಿರ 6 ಮೈಲಿ ಕೋವಿ ಆಗುತ್ತದೆ, .308 ಐದರ ಹತ್ತಿರ ಬರುತ್ತದೆ. ನೋಡಿ ತಮಾಷೆ, ಅಷ್ಟು ಎತ್ತರದಲ್ಲಿ ಹಾಸನದವರ .308 ಕಡಲ ತೀರದ ನಿಮ್ಮ 6.5ರ ಥರ ಹಾರುತ್ತದೆ.

ತ್ರೀ ನಾಟ್ ಎಯ್ಟ್ ಭಕ್ತ
ಈ ಕೊನೆಯ ಸಾಲನ್ನು ಗೋಡೆಗೆ ಅಂಟಿಸಿಕೊಳ್ಳುತ್ತೇನೆ.

ರೀಲೋಡ್ ರಾಯರು
ಭಕ್ತರು ಜಾಸ್ತಿ ಹಿಗ್ಗಬೇಡಿ. 168 ಗ್ರೇನ್ ಹಳೇ ಮ್ಯಾಚ್ ಗುಂಡು ಹಾಕಿಕೊಂಡು 900 ಗಜಕ್ಕೆ ಹೋದವರ ಗತಿ ನೋಡಿದ್ದೇನೆ. ವೇಗ ಶಬ್ದದ ಮಟ್ಟಕ್ಕೆ ಇಳಿಯುವಾಗ ಅದರ ಹಿಂಬದಿಯ ಇಳಿಜಾರು ಕೈ ಕೊಡುತ್ತದೆ, ಗುಂಡು ತೊನೆಯಲು ಶುರು ಮಾಡುತ್ತದೆ. 175 ಬಂದಿದ್ದೇ ಆ ಕಾಯಿಲೆಗೆ ಮದ್ದಾಗಿ. ಹಾಸನದವರು 175 ಇಟ್ಟುಕೊಂಡಿರುವುದು ಜಾಣತನ.

ವೀಸಾ ಕ್ಯೂ
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಎಚ್1ಬಿ ಮೇಲಿದ್ದೇನೆ. ನಾನೂ ಇಂಥದ್ದಕ್ಕೆ ಸೇರಬಹುದಾ?

ಟೆಕ್ಸಾಸ್ ಪೂರ್ಣಿಮಾ
ಹುಷಾರು. ಎಚ್1ಬಿ, ಎಫ್1 ಥರದ ವೀಸಾ ಮೇಲಿರುವವರು ಬಂದೂಕು ಅಥವಾ ತೋಟಾ ಇಟ್ಟುಕೊಳ್ಳುವುದು ಫೆಡರಲ್ ಕಾನೂನಿಗೆ ವಿರುದ್ಧ. ಕೆಲವು ವಿನಾಯಿತಿ ಇವೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಹಂಟಿಂಗ್ ಲೈಸೆನ್ಸ್ ಇರುವುದು ಅದರಲ್ಲಿ ಒಂದು. ಗ್ರೀನ್ ಕಾರ್ಡ್ ಬಂದವರಿಗೆ ಈ ತೊಡಕಿಲ್ಲ. ರಾಜ್ಯದ ಕಾನೂನು ಬೇರೆ ಇರುತ್ತದೆ. ಇಲ್ಲಿ ನಾಲ್ಕು ಜನ ಹೇಳಿದ್ದನ್ನು ನಂಬಿ ಹೋಗಬೇಡಿ, ವಕೀಲರನ್ನು ಕೇಳಿ. ಇಮಿಗ್ರೇಶನ್ ವಿಷಯದಲ್ಲಿ ಆಟ ಬೇಡ.

ವೀಸಾ ಕ್ಯೂ
ಥ್ಯಾಂಕ್ಸ್ ಮೇಡಂ. ಗ್ರೀನ್ ಕಾರ್ಡ್ ಬರುವಷ್ಟರಲ್ಲಿ ನನ್ನ ಮೊಮ್ಮಗ ಶೂಟಿಂಗ್‌ಗೆ ಬರಬಹುದು.

ಓಸ್ಲೋ ಹುಡುಗ
ನಾರ್ವೆಯಿಂದ ಒಂದು ಮಾತು. ಇಲ್ಲಿ ಫೀಲ್ಡ್ ಶೂಟಿಂಗ್ ಊರ ಹಬ್ಬದ ಥರ. ಶೂಟಿಂಗ್ ಸಂಘಗಳ ಒಕ್ಕೂಟ 1893ರಿಂದ ಇದೆ, ಪ್ರತಿ ಊರಿಗೂ ಒಂದು ಸಂಘ. ಅಜ್ಜಿಯರೂ ಹೊಡೆಯುತ್ತಾರೆ, ಶಾಲೆ ಮಕ್ಕಳೂ ಹೊಡೆಯುತ್ತಾರೆ. ಹಿಮದ ಮೇಲೆ ಮಲಗಿ, ಕಾಡಿನ ಅಂಚಿನಲ್ಲಿರುವ ಕಪ್ಪು ಆಕೃತಿಗಳಿಗೆ. ತಂಡದ ಸ್ಪರ್ಧೆಯೂ ಇದೆ.

ಎಲ್ಲರ ಕೈಯಲ್ಲೂ ಹೆಚ್ಚುಕಡಿಮೆ ಒಂದೇ ರೈಫಲ್, ಸಾವರ್ 200 ಎಸ್‌ಟಿಆರ್. ಒಂದೇ ಕಾರ್ಟ್ರಿಜ್, 6.5×55. ಅದು 1894ರದು. ನೀವು ಹೊಸದು ಅಂತ ಕುಣಿಯುತ್ತಿರುವ 6.5 ಕ್ರೀಡ್‌ಮೋರ್ ಬಂದಿದ್ದು 2007ರಲ್ಲಿ. ಗುಂಡಿನ ದಪ್ಪ ಅದೇ, ತೂಕ ಅದೇ, ವೇಗವೂ ಹತ್ತಿರಹತ್ತಿರ. ನಮ್ಮ ಪಕ್ಕದ ಮನೆಯ ಅಜ್ಜನಿಗೆ ಕ್ರೀಡ್‌ಮೋರ್ ಬಗ್ಗೆ ಹೇಳಿದೆ. "ಓ, ನಮ್ಮ ತೋಟಾವನ್ನೇ ಗಿಡ್ಡ ಮಾಡಿದ್ದಾರೆ" ಅಂದುಬಿಟ್ಟರು.

ರೀಲೋಡ್ ರಾಯರು
ಅಜ್ಜ ಅರ್ಧ ಸರಿ. ಕ್ರೀಡ್‌ಮೋರ್ ಹುಟ್ಟಿದ್ದು .30 ಟಿಸಿ ತೋಟಾದ ಹಿತ್ತಾಳೆ ಕೇಸಿನಿಂದ, 6.5×55ರಿಂದ ಅಲ್ಲ. ಗಿಡ್ಡ ಮಾಡಿದ್ದರ ಲಾಭ ಏನೆಂದರೆ ಉದ್ದ ಮೂಗಿನ ಗುಂಡು ಹಾಕಿದರೂ .308ಕ್ಕೆ ಮಾಡಿದ ಶಾರ್ಟ್ ಆಕ್ಷನ್ (ಗಿಡ್ಡ ಬೋಲ್ಟಿನ ರೈಫಲ್), ಮ್ಯಾಗಜೀನ್ ಒಳಗೆ ಕೂರುತ್ತದೆ. ಕೆಲಸ ಮಾತ್ರ ಒಂದೇ, ಅದು ನಿಜ.

ಬಿಸ್ಲಿ ಬಸವ
ಟೀಮ್ ಶೂಟಿಂಗ್ ಅಂದ ಮೇಲೆ ಇಂಗ್ಲೆಂಡಿನದೂ ಕೇಳಿ. ಅಲ್ಲಿನ ಬಿಸ್ಲಿ ಶೂಟಿಂಗ್ ರೇಂಜಿನಲ್ಲಿ ಕೊಲಾಪುರ್ ಕಪ್ ಅಂತ ಇದೆ, ನಮ್ಮ ಬೆಳಗಾವಿ ಪಕ್ಕದ ಕೊಲ್ಹಾಪುರದ ರಾಜರ ಹೆಸರಿನ ಕಪ್. 1871ರಿಂದ ನಡೆಯುತ್ತಿದೆ. 300, 500, 600 ಗಜದಲ್ಲಿ ದೇಶದೇಶಗಳ ತಂಡಗಳು ಹೊಡೆಯುತ್ತವೆ. ಅಲ್ಲಿ ವಿಂಡ್ ಕೋಚ್ ಅಂತಲೇ ಒಬ್ಬ ಇರುತ್ತಾನೆ. ಅವನು ಹೇಳಿದಷ್ಟು ಸೈಟ್ ತಿರುಗಿಸುವುದು, ಟ್ರಿಗರ್ ಒತ್ತುವುದು, ಅಷ್ಟೇ ಶೂಟರ್ ಕೆಲಸ.

ಪಿಆರ್‌ಎಸ್ ಪ್ರಕಾಶ
ಬಸವಣ್ಣ, ಅದು ಫೀಲ್ಡ್ ಅಲ್ಲ, ರೇಂಜ್. ದೂರ ಮೊದಲೇ ಗೊತ್ತು, ಬಾವುಟ ನೆಟ್ಟಿರುತ್ತಾರೆ.

ಬಿಸ್ಲಿ ಬಸವ
ಗೊತ್ತು ಮಾರಾಯ. ಗಾಳಿ ಓದುವವನೊಬ್ಬ, ಹೊಡೆಯುವವನೊಬ್ಬ ಅನ್ನುವ ಪದ್ಧತಿ ಎಷ್ಟು ಹಳೆಯದು ಅಂತ ಹೇಳಿದೆ. ಬಾವುಟ ಇದ್ದರೂ ತಪ್ಪುತ್ತದೆ, ಬಂದು ಹೊಡೆದು ನೋಡಿ.

ಮಡಿಕೇರಿ ಮಂಜು
ಈಗ ನಮ್ಮದೂ ಸ್ವಲ್ಪ. ಸೆಪ್ಟೆಂಬರ್ ಮೊದಲ ವಾರ ಕೈಲ್ ಪೊಳ್ದ್, ಕೊಡಗಿನ ಆಯುಧ ಪೂಜೆ. ಕೋವಿ, ಒಡಿಕತ್ತಿ ಎಲ್ಲ ಒರೆಸಿ ಇಟ್ಟು ತೋಕ್ ಪೂ (ಕೋವಿ ಹೂ) ಏರಿಸಿ ಪೂಜೆ ಮಾಡುತ್ತೇವೆ. ಕಡುಬು, ಪಂದಿ ಕರಿ ಆದ ಮೇಲೆ ಊರ ಬಯಲು ಮಂದ್‌ನಲ್ಲಿ ತೆಂಗಿನಕಾಯಿಗೆ ಗುಂಡು. ಈಗ ಊರೂರಲ್ಲಿ ಸ್ಪರ್ಧೆ ನಡೆಯುತ್ತದೆ. .22 ಬೇರೆ, 12 ಬೋರ್ ಬೇರೆ, ಏರ್ ಗನ್ ಬೇರೆ. ಬೆಂಚು ಇಲ್ಲ, ಬೈಪಾಡ್ ಇಲ್ಲ. ನಿಂತು ಹೊಡೆಯಬೇಕು. ನೀವೆಲ್ಲ ಅರ್ಧ ಮೈಲಿ, ಕಾಲು ಮಿಲ್ ಅಂತೀರಿ. ನಿಂತು ಕೋವಿ ಹಿಡಿದಾಗ ಎದೆ ಬಡಿತವೇ ಒಂದು ಕಾಯಿಯಷ್ಟು ಅಲುಗಿಸುತ್ತದೆ.

ಪೋರ್ಟ್‌ಲ್ಯಾಂಡ್ ಪಾಪಣ್ಣ
ಕೊಡವರಿಗೆ ಲೈಸೆನ್ಸೇ ಬೇಡ ಅಲ್ವಾ? ಅದೃಷ್ಟವಂತರು.

ಮಡಿಕೇರಿ ಮಂಜು
ಹಾಗಂತ ಯಾವ ಕೋವಿ ಬೇಕಾದರೂ ತರುವ ಹಾಗಿಲ್ಲ. ಬ್ರಿಟಿಷರ ಕಾಲದ ವಿನಾಯಿತಿ ಅದು. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಅನ್ವಯಿಸುತ್ತದೆ. ಕೇಂದ್ರ 2019ರಲ್ಲಿ ಮತ್ತೆ 10 ವರ್ಷಕ್ಕೆ, 2029ರ ಅಕ್ಟೋಬರ್‌ವರೆಗೆ ಮುಂದುವರಿಸಿತು. 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಭಾರತದಲ್ಲಿ ಸಾಮಾನ್ಯರಿಗೆ ರೈಫಲ್ ಅಂದರೆ ಹೆಚ್ಚಾಗಿ .315 ಅಥವಾ .30-06. ನಿಮ್ಮ ಕ್ರೀಡ್‌ಮೋರ್ ನಾವು ಯೂಟ್ಯೂಬ್‌ನಲ್ಲಿ ನೋಡುವುದು.

ರೀಲೋಡ್ ರಾಯರು
ನಮ್ಮ ದೊಡ್ಡಪ್ಪನ ಮನೆಯಲ್ಲಿ ಒಂದು .315 ಇತ್ತು, ಇಶಾಪುರದ್ದು. 8 ಎಂಎಂ ಮ್ಯಾನ್‌ಲಿಕರ್ ತೋಟಾ, 244 ಗ್ರೇನ್ ಗುಂಡು, ದಪ್ಪ ಮೂಗು. ಗೋಡೆಯ ಮೇಲೆ ಚೆನ್ನಾಗಿ ಕಾಣುತ್ತಿತ್ತು. 600 ಗಜಕ್ಕೆ ಅದರ ಲೆಕ್ಕ ಹಾಕುವ ಧೈರ್ಯ ನನಗಿಲ್ಲ.

ಗಾಳಿಲೆಕ್ಕ
ಪವರ್ ಫ್ಯಾಕ್ಟರ್ ಮಾತ್ರ ಧಾರಾಳವಾಗಿ ಪಾಸ್ 😄

ಕೊಲೊರಾಡೋ ಕನ್ನಡಿಗ
ಎಷ್ಟು ಕಲಿತೆ ಇಲ್ಲಿ! ಸರಿ, ಗೆಳೆಯ .308 ಇಟ್ಟುಕೊಳ್ಳಲಿ. ನಾನು 147 ಗ್ರೇನ್ ಎರಡು ಡಬ್ಬ ತಂದೆ. ಗಾಳಿಯನ್ನು ಮೈಲಿ ಲೆಕ್ಕದಲ್ಲಿ ಕೂಗುವುದು ಅಂತ ಮಾತಾಯಿತು. ಇನ್ನೊಂದು ಸಣ್ಣ ವಿಷಯ ಕೇಳಬೇಕಿತ್ತು. ನನ್ನ ಸ್ಕೋಪ್ ಮಿಲ್‌ನದು, ಅವನದು ಎಂಒಎ (ಕೋನದ ಇನ್ನೊಂದು ಅಳತೆ). ಏನೂ ತೊಂದರೆ ಇಲ್ಲ ಅಲ್ವಾ?

ಟೆಕ್ಸಾಸ್ ಪೂರ್ಣಿಮಾ
ಇದು ಸಣ್ಣ ವಿಷಯವಾ???

ತ್ರೀ ನಾಟ್ ಎಯ್ಟ್ ಭಕ್ತ
ಅಯ್ಯೋ.

ಪಿಆರ್‌ಎಸ್ ಪ್ರಕಾಶ
ಇಷ್ಟು ಹೊತ್ತು ಕಾರ್ಟ್ರಿಜ್ ಬಗ್ಗೆ ಬಡಿದಾಡಿದ್ದು ಯಾಕೆ ಹಾಗಾದರೆ? ಸ್ಪಾಟರ್ "0.3 ಬಲಕ್ಕೆ" ಅಂತ ಕೂಗುತ್ತಾನೆ. ಅವನ ಸ್ಕೋಪಿನಲ್ಲಿ ಅದು ಒಂದು ಎಂಒಎ. ಒಂದು ಮಿಲ್ ಅಂದರೆ 3.44 ಎಂಒಎ. ಗಡಿಯಾರ ಓಡುತ್ತಿರುವಾಗ ಈ ಗುಣಾಕಾರ ಯಾರು ಮಾಡುತ್ತಾರೆ? ಇಬ್ಬರಿಗೂ ಒಂದೇ ಥರದ ಸ್ಕೋಪ್ ಬೇಕು. ಕಾರ್ಟ್ರಿಜ್ ಏನಾದರೂ ಇರಲಿ.

ಗಾಳಿಲೆಕ್ಕ
ಸ್ಕೋಪ್ ಬದಲಿಸಲು ಆಗದಿದ್ದರೆ ಒಂದು ದಾರಿ ಇದೆ. ಗಾಳಿಯನ್ನು ಮೈಲಿಯಲ್ಲೇ ಹೇಳಿ, ಅವನು ತನ್ನ ಚಾರ್ಟ್‌ನಿಂದ ಎಂಒಎ ತೆಗೆದುಕೊಳ್ಳುತ್ತಾನೆ. ತಿದ್ದುಪಡಿಯನ್ನು ತಟ್ಟೆಯ ಅಳತೆಯಲ್ಲಿ ಹೇಳಿ. "ಅರ್ಧ ತಟ್ಟೆ ಎಡಕ್ಕೆ ಬಿತ್ತು", "ಒಂದು ತಟ್ಟೆ ಕೆಳಗೆ". ಯಾವ ಸ್ಕೋಪಿನಲ್ಲಾದರೂ ತಟ್ಟೆ ಕಾಣುತ್ತದೆ. ಇಬ್ಬರೂ ಒಂದೇ ಅಳತೆಯ ಚಪ್ಪಲಿ ಹಾಕಿದರೆ ಮಾತ್ರ ಒಟ್ಟಿಗೆ ನಡೆಯಬಹುದು ಅಂತೇನೂ ಇಲ್ಲ. ಆದರೆ ಮನೆಯಲ್ಲಿ ಅಭ್ಯಾಸ ಮಾಡದೆ ಗುಡ್ಡಕ್ಕೆ ಹೋಗಬೇಡಿ. .22 ಹಿಡಿದುಕೊಂಡು 200 ಗಜಕ್ಕೆ ಹೊಡೆಯಿರಿ, ಒಬ್ಬ ಕೂಗಲಿ, ಒಬ್ಬ ಹೊಡೆಯಲಿ. .22 ಗಾಳಿಗೆ ಎಷ್ಟು ಅಲೆಯುತ್ತದೆ ಅಂದರೆ ಕೂಗಿದ್ದು ತಪ್ಪಿದರೆ ತಕ್ಷಣ ಗೊತ್ತಾಗುತ್ತದೆ. ತೋಟಾ ಖರ್ಚೂ ಕಡಿಮೆ.

ಮಡಿಕೇರಿ ಮಂಜು
ತೆಂಗಿನಕಾಯಿ ಇಡಿ, ಒಡೆದರೆ ಚಟ್ನಿಗಾಯಿತು.

ಹಾಸನದ ಹೈದ
ನಾನೇ ಆ ಗೆಳೆಯ. ಲಿಂಕ್ ಯಾರೋ ಕಳಿಸಿದರು. "ಹಟ ಜಾಸ್ತಿ" ಅಂತ ಬರೆದಿದ್ದೀಯಲ್ಲೋ? 140 ಗ್ರೇನ್ ಫೇಲ್ ಆಗಿದ್ದನ್ನು ನನಗೆ ಯಾಕೆ ಹೇಳಲಿಲ್ಲ? ಭಕ್ತರಿಗೆ, ರಾಯರಿಗೆ, ಪೂರ್ಣಿಮಾ ಮೇಡಂಗೆ ಥ್ಯಾಂಕ್ಸ್. ಸ್ಕೋಪ್ ಮಿಲ್‌ಗೆ ಬದಲಾಯಿಸಲು ನಾನು ರೆಡಿ, ಅರ್ಧ ದುಡ್ಡು ನೀನು ಹಾಕು.

ಕೊಲೊರಾಡೋ ಕನ್ನಡಿಗ
ಕಾಲು ಭಾಗ ಹಾಕುತ್ತೇನೆ. ಟ್ರೈಪಾಡ್ ನಾನೇ ತಂದಿದ್ದು ಮರೆತೆಯಾ?

ಹಾಸನದ ಹೈದ
ಟ್ರೈಪಾಡ್ ಗುಡ್ಡಕ್ಕೆ ಹೊತ್ತುಕೊಂಡು ಹೋಗುವವನು ಯಾರು?

ಸುಮ್ನೆ ನೋಡೋನು
ಟೀ ಮುಗೀತು. ಇನ್ನೊಂದು ಲೋಟ ತರುತ್ತೇನೆ, ನಿಲ್ಲಿಸಬೇಡಿ.